ಆರು ದಿನ, ಆರೂವರೆ ಕೋಟಿ ವರ್ಷ

(ಬೀದರ ಜಿಲ್ಲೆಯ ಬೇಮಳಖೇಡದಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು ಹಾಗೂ ಊರ ಹಿರಿಯರ ಮುಂದೆ ಮಾಡಿದ ಭಾಷಣದ ಪಠ್ಯ)



ಬೈಬಲ್ಲಿಗೂ ವಿಜ್ಞಾನಕ್ಕೂ ಹೊಂದಾಣಿಕೆ ಸಾಧ್ಯವೇ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ನೀವು ನನ್ನನ್ನು ಕರೆದಿದ್ದೀರಿ. ಈ ವಿಷಯವನ್ನು ಆರಿಸಿದವರು ದೊಡ್ಡವರಲ್ಲ, ಪಿಯುಸಿ ಓದುವ ಒಬ್ಬ ಹುಡುಗಿ ಎಂದು ಆಮೇಲೆ ನನಗೆ ತಿಳಿಯಿತು. ಅವಳು ಕೇಳಿದ ಪ್ರಶ್ನೆಯನ್ನು ಅವಳ ಮಾತಿನಲ್ಲಿಯೇ ಹೇಳಿಬಿಡುತ್ತೇನೆ. 'ಸರ್, ಸಾಲಿ ಪರೀಕ್ಷಾದಾಗ ಭೂಮಿ ವಯಸ್ಸು ನಾನೂರೈವತ್ತು ಕೋಟಿ ವರ್ಷ ಅಂತ ಬರೀತೀನಿ. ಸಂಡೇ ಸ್ಕೂಲ್ ಪರೀಕ್ಷಾದಾಗ ಆರು ದಿನದಾಗ ಎಲ್ಲಾ ಆಯ್ತು ಅಂತ ಬರೀತೀನಿ. ಎರಡಕ್ಕೂ ಪೂರಾ ಮಾರ್ಕು ಬರ್ತಾವ. ಎರಡೂ ಖರೇ ಹ್ಯಾಂಗ ಆಗ್ತಾವ್ರೀ?'

ನಗುವಂಥ ಪ್ರಶ್ನೆ ಇದಲ್ಲ. ಎರಡು ಕಡೆಯೂ ಪೂರ್ಣ ಅಂಕ ಪಡೆಯುವ ಮಗು ಒಂದಲ್ಲ ಒಂದು ದಿನ ಎರಡರಲ್ಲಿ ಒಂದನ್ನು ಬಿಡುತ್ತದೆ. ಇಲ್ಲವೇ ಎರಡನ್ನೂ ನಂಬದೆ, ಎಲ್ಲಿ ಏನು ಬರೆದರೆ ಪಾಸಾಗುತ್ತೇವೆ ಎಂಬುದನ್ನಷ್ಟೇ ಕಲಿಯುತ್ತದೆ. ಮೂರನೆಯ ದಾರಿಯೊಂದಿದೆಯೇ ಎಂಬುದನ್ನು ಇಂದು ಹುಡುಕೋಣ. ಇದಕ್ಕಾಗಿ ರೋಮಿಗಾಗಲಿ ಲಂಡನ್ನಿಗಾಗಲಿ ಮೊದಲು ಹೋಗಬೇಕಾಗಿಲ್ಲ. ನಮ್ಮ ಕಾಲ ಕೆಳಗಿನ ನೆಲದಿಂದಲೇ ಆರಂಭಿಸಬಹುದು.

ಬಾವಿ ತೋಡಿದವರು ಕಂಡದ್ದು

ಬೀದರದ ಎತ್ತರದ ಬಯಲಿನಲ್ಲಿ ಬಾವಿ ತೋಡಿದವರಿಗೆ ಮೊದಲು ಸಿಗುವುದು ಕೆಂಪು ಕಲ್ಲು. ಕರಾವಳಿಯವರು ಇದನ್ನೇ ಮುರಕಲ್ಲು, ಜಂಬಿಟ್ಟಿಗೆ ಎನ್ನುತ್ತಾರೆ. ಭೂವಿಜ್ಞಾನಿಗಳು ಲ್ಯಾಟರೈಟ್ ಎನ್ನುತ್ತಾರೆ. ಬೀದರ ಕೋಟೆಯ ಕಂದಕವನ್ನು ಕಡಿದಿರುವುದು ಈ ಕಲ್ಲಿನಲ್ಲಿಯೇ. ಕೆಂಪು ಕಲ್ಲಿನ ಕೆಳಗೆ ಮೆತ್ತನೆಯ ಜೇಡಿ, ಅದರ ಕೆಳಗೆ ಗಟ್ಟಿಯಾದ ಕರಿಕಲ್ಲು. ಮಳೆಯ ನೀರು ತೂತುತೂತಾದ ಕೆಂಪು ಕಲ್ಲಿನಲ್ಲಿ ಇಳಿದು, ಕರಿಕಲ್ಲಿನ ಮೇಲೆ ಬಂದು ನಿಲ್ಲುತ್ತದೆ. ಬಹಮನಿ ಸುಲ್ತಾನರ ಕಾಲದ ನೌಬಾದಿನ ಕಾರೇಜು, ಅಂದರೆ ನೆಲದೊಳಗಿನ ಸುರಂಗ ಕಾಲುವೆ, ಈ ನೀರನ್ನೇ ನಂಬಿ ತೋಡಿದ್ದು.

ಆ ಕರಿಕಲ್ಲು ಒಂದು ಕಾಲಕ್ಕೆ ಬೆಂಕಿಯ ದ್ರವವಾಗಿ ಹರಿದದ್ದು. ನಾಗಪುರ, ಮುಂಬಯಿ, ಬೆಳಗಾವಿ, ಬೀದರಗಳನ್ನೆಲ್ಲ ಒಳಗೊಂಡ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಇಂದಿಗೂ ಇದು ಹೊದ್ದಿದೆ. ನೆಲ ಬಿರಿದು, ಶಿಲಾರಸ ಒಂದರ ಮೇಲೊಂದು ಪದರವಾಗಿ ಹರಡಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಡೈನೋಸಾರುಗಳು ಅಳಿದುಹೋದ ಕಾಲವೂ ಅದೇ. ಅದರ ಬಹುಭಾಗ ಹರಿದು ಮುಗಿಯಲು ಹತ್ತು ಲಕ್ಷ ವರ್ಷಕ್ಕಿಂತ ಹೆಚ್ಚು ಹಿಡಿಯಲಿಲ್ಲವೆಂದು ಇತ್ತೀಚಿನ ಅಳತೆಗಳು ಹೇಳುತ್ತವೆ.

ಈ ಲೆಕ್ಕ ಎಲ್ಲಿಂದ ಬಂತು ಎಂದು ನೀವು ಕೇಳಬೇಕು. ಕಲ್ಲಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದರ ಒಂದು ಬಗೆ ತಾನಾಗಿಯೇ ಶಿಥಿಲವಾಗುತ್ತಾ ಹೋಗಿ, ಅದರ ಒಂದು ಪಾಲು ಆರ್ಗಾನ್ ಎಂಬ ಅನಿಲವಾಗುತ್ತದೆ. ಇದ್ದುದರಲ್ಲಿ ಅರ್ಧ ಕರಗಲು ಸುಮಾರು 125 ಕೋಟಿ ವರ್ಷ ಬೇಕು. ಕಲ್ಲು ಕುದಿಯುತ್ತಿರುವಾಗ ಅನಿಲ ಹಾರಿಹೋಗುತ್ತದೆ. ಹೆಪ್ಪುಗಟ್ಟಿದ ಮೇಲೆ ಹುಟ್ಟಿದ್ದು ಒಳಗೇ ಸಿಕ್ಕಿಬೀಳುತ್ತದೆ. ಎಷ್ಟು ಅನಿಲ ಕೂಡಿದೆ ಎಂದು ಅಳೆದರೆ, ಕಲ್ಲು ಹೆಪ್ಪುಗಟ್ಟಿ ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ಯುರೇನಿಯಂ ಸೀಸವಾಗುವ ಇನ್ನೊಂದು ಗಡಿಯಾರವೂ ಇದೆ. ಬೇರೆಬೇರೆ ಗಡಿಯಾರಗಳು ಒಂದೇ ಹೊತ್ತನ್ನು ತೋರಿಸಿದಾಗ ಅದನ್ನು ಊಹೆ ಎಂದು ತಳ್ಳಿಹಾಕುವಂತಿಲ್ಲ.

ಇನ್ನು ಮೇಲಿನ ಕೆಂಪು ಕಲ್ಲು. ಅದು ಬೇರೆ ಕಡೆಯಿಂದ ಬಂದದ್ದಲ್ಲ. ಕರಿಕಲ್ಲೇ ಕೊಳೆತು ಕೆಂಪಾದದ್ದು. ಲಕ್ಷಾಂತರ ಮಳೆಗಾಲಗಳು ಅದರೊಳಗಿನ ಸುಣ್ಣವನ್ನೂ ಮರಳಿನಂಶವನ್ನೂ ತೊಳೆದು, ಕಬ್ಬಿಣ ಮತ್ತು ಅಲ್ಯುಮಿನಿಯಮ್ಮನ್ನು ಉಳಿಸಿದವು. ಕಬ್ಬಿಣ ತುಕ್ಕು ಹಿಡಿಯಿತು. ಬಿದರಿ ಪಾತ್ರೆಗೆ ಕಪ್ಪು ಬಣ್ಣ ಬರಲು ಕೋಟೆಯೊಳಗಿನ ಹಳೆಯ ಮಣ್ಣು ಬೇಕೆಂದು ಕುಶಲಕರ್ಮಿಗಳು ಹೇಳುವುದನ್ನು ನೀವು ಕೇಳಿದ್ದೀರಿ. ಆ ಮಣ್ಣಿನ ಒಂದು ಚಿಟಿಕೆಯಲ್ಲಿ ಎಷ್ಟು ಕಾಲ ಅಡಗಿದೆಯೆಂದು ಯೋಚಿಸಿ ನೋಡಿ.

ಬೈಬಲ್ಲಿನಲ್ಲಿಲ್ಲದ ತಾರೀಖು

ಈಗ ಇನ್ನೊಂದು ಪಕ್ಷದ ಲೆಕ್ಕ ನೋಡೋಣ. ಲೋಕ ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರ ಅಕ್ಟೋಬರ್ ತಿಂಗಳಲ್ಲಿ ಎಂಬ ಮಾತನ್ನು ಅನೇಕರು ಬೈಬಲ್ಲಿನ ಮಾತೆಂದೇ ತಿಳಿದಿದ್ದಾರೆ. ಬೈಬಲ್ಲಿನಲ್ಲಿ ಅಂಥ ತಾರೀಖು ಎಲ್ಲಿಯೂ ಇಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಎಂಬ ವಿದ್ವಾಂಸರು ಬೈಬಲ್ಲಿನ ವಂಶಾವಳಿಗಳನ್ನು ಕೂಡಿಸಿ, ರಾಜರ ಆಳ್ವಿಕೆಯ ವರ್ಷಗಳನ್ನು ಬೇರೆ ದೇಶಗಳ ಚರಿತ್ರೆಯೊಡನೆ ತಾಳೆ ನೋಡಿ, 1650ರಲ್ಲಿ ಈ ಲೆಕ್ಕವನ್ನು ಪ್ರಕಟಿಸಿದರು. ಆ ಕಾಲದ ಮಟ್ಟಿಗೆ ಅದು ದೊಡ್ಡ ವಿದ್ವತ್ತೇ. 1701ರಿಂದ ಇಂಗ್ಲಿಷ್ ಬೈಬಲ್ಲುಗಳ ಅಂಚಿನಲ್ಲಿ ಈ ವರ್ಷಗಳನ್ನು ಅಚ್ಚು ಹಾಕತೊಡಗಿದರು. ಅಂಚಿನಲ್ಲಿ ಇದ್ದದ್ದು ಕ್ರಮೇಣ ಓದುವವರ ಮನಸ್ಸಿನಲ್ಲಿ ಒಳಗಿನ ಮಾತಾಗಿಬಿಟ್ಟಿತು. ನಮ್ಮ ಅರ್ಧ ಜಗಳ ಮೂಲಗ್ರಂಥದೊಡನೆ ಅಲ್ಲ, ಅಂಚಿನ ಟಿಪ್ಪಣಿಯೊಡನೆ.

ಉಳಿದರ್ಧ ಜಗಳ ನಿಜವಾದದ್ದೇ. ಆದಿಕಾಂಡದ ಮೊದಲ ಅಧ್ಯಾಯ ಆರು ದಿನಗಳ ಕಥೆ ಹೇಳುತ್ತದೆ. ಆರೂವರೆ ಕೋಟಿ ವರ್ಷದ ಕಲ್ಲಿನ ಮೇಲೆ ನಿಂತು ಅದನ್ನು ಓದುವುದು ಹೇಗೆ? ಈ ಪ್ರಶ್ನೆಯನ್ನು ನಮಗಿಂತ ಮುಂಚೆಯೇ, ಇದೇ ಕರಿಕಲ್ಲಿನ ಮೇಲೆ ಕುಳಿತು ಎದುರಿಸಿದ ಒಬ್ಬ ಪಾದ್ರಿಯಿದ್ದರು.

ಸುತ್ತಿಗೆ ಹಿಡಿದ ಪಾದ್ರಿ

ಸ್ಟೀಫನ್ ಹಿಸ್ಲಾಪ್ ಸ್ಕಾಟ್ಲೆಂಡಿನ ಫ್ರೀ ಚರ್ಚಿನ ಮಿಶನರಿ. 1845ರಲ್ಲಿ ನಾಗಪುರಕ್ಕೆ ಬಂದು ಶಾಲೆ ತೆರೆದರು. ಅಲ್ಲಿನ ಹಿಸ್ಲಾಪ್ ಕಾಲೇಜು ಅವರ ಹೆಸರಿನದು. ಸುವಾರ್ತೆ ಸಾರುತ್ತಾ ಹಳ್ಳಿಹಳ್ಳಿ ತಿರುಗುವಾಗ ಅವರ ಕೈಯಲ್ಲಿ ಒಂದು ಸುತ್ತಿಗೆಯೂ ಇರುತ್ತಿತ್ತು. ನಾಗಪುರದ ಬಳಿ ಕರಿಕಲ್ಲಿನ ಪದರದ ಕೆಳಗೆ ಅವರಿಗೂ ಅವರ ಜೊತೆಗಾರ ರಾಬರ್ಟ್ ಹಂಟರ್ ಅವರಿಗೂ ಸಿಹಿನೀರಿನ ಕೆಸರಿನ ಒಂದು ತೆಳು ಪದರ ಸಿಕ್ಕಿತು. ಅದರೊಳಗೆ ಬಸವನಹುಳುವಿನ ಚಿಪ್ಪುಗಳು, ಬೀಜಗಳು, ಕಾಂಡಗಳು ಕಲ್ಲಾಗಿ ಕೂತಿದ್ದವು. 1855ರಲ್ಲಿ ಇಬ್ಬರೂ ಸೇರಿ ಅದರ ವಿವರವನ್ನು ಲಂಡನ್ನಿನ ಭೂವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇದರ ಅರ್ಥ ದೊಡ್ಡದು. ಶಿಲಾರಸ ಒಮ್ಮೆಲೇ ಹರಿದು ಮುಗಿಯಲಿಲ್ಲ. ಹರಿದು, ತಣ್ಣಗಾಗಿ, ಅದರ ಮೇಲೆ ಮಳೆ ಬಿದ್ದು, ಕೆರೆಯಾಗಿ, ಕೆರೆಯಲ್ಲಿ ಹುಳುಹುಪ್ಪಟೆ ಹುಟ್ಟಿ ಬೆಳೆದು ಸತ್ತು, ಕೆಸರಿನಲ್ಲಿ ಹೂತು, ಆಮೇಲೆ ಇನ್ನೊಂದು ಬೆಂಕಿಯ ಹೊಳೆ ಬಂದು ಅದನ್ನೆಲ್ಲ ಮುಚ್ಚಿತು. ಹೀಗೆ ಎರಡು ಹೊಳೆಗಳ ನಡುವೆ ಸಿಕ್ಕಿದ ಕೆರೆಗಳು ನಮ್ಮ ಯಾದಗಿರಿ ಜಿಲ್ಲೆಯ ಗುರುಮಠಕಲ್ಲಿನ ಸುತ್ತಲೂ ಪತ್ತೆಯಾಗಿವೆ. ಒಂದು ಕೆರೆ ಹುಟ್ಟಿ ತುಂಬಿ ಹೂಳಲು ಆರು ದಿನ ಸಾಲದೆಂಬುದಕ್ಕೆ ವಿಜ್ಞಾನಿಯೇ ಬೇಕಿಲ್ಲ, ಕೆರೆಯ ಹೂಳೆತ್ತಿದ ಯಾವ ರೈತನೂ ಹೇಳಬಲ್ಲ.

ಹಿಸ್ಲಾಪರು ಇದನ್ನು ಕಂಡು ಬೈಬಲ್ಲನ್ನು ಬಿಸುಡಲಿಲ್ಲ, ಚಿಪ್ಪುಗಳನ್ನೂ ಬಿಸುಡಲಿಲ್ಲ. ಅವರ ಚರ್ಚಿನ ಹಿರಿಯರು ಅವರಿಗೆ ಒಂದೆರಡು ದಾರಿಗಳನ್ನು ಆಗಲೇ ಮಾಡಿಕೊಟ್ಟಿದ್ದರು. ಥಾಮಸ್ ಚಾಮರ್ಸ್ ಎಂಬ ಮುಖಂಡರು, ಆದಿಕಾಂಡದ ಮೊದಲ ವಾಕ್ಯಕ್ಕೂ ಎರಡನೆಯ ವಾಕ್ಯಕ್ಕೂ ನಡುವೆ ಎಷ್ಟು ಯುಗಗಳಾದರೂ ಕಳೆದಿರಬಹುದು ಎಂದಿದ್ದರು. ಕಲ್ಲು ಕೆಲಸದಿಂದ ಬದುಕು ಆರಂಭಿಸಿ, ಆ ಚರ್ಚಿನ ಪರವಾದ ಪತ್ರಿಕೆಯ ಸಂಪಾದಕರಾದ ಹ್ಯೂ ಮಿಲ್ಲರ್, ದಿನ ಎಂದರೆ ಒಂದೊಂದು ಯುಗ ಎಂದು ಬರೆದರು. ಈ ದಾರಿಗಳು ಎಲ್ಲಿಗೆ ಹೋಗುತ್ತವೆಂದು ಮುಂದೆ ನೋಡೋಣ. ಪಾದ್ರಿಗಳೆಂದರೆ ವಿಜ್ಞಾನದ ಶತ್ರುಗಳು ಎಂಬ ಕಥೆ ನಮ್ಮ ದಖ್ಖನದ ಮಟ್ಟಿಗೆ ಪೂರ್ತಿ ಸರಿಯಲ್ಲವೆಂದು ಇಲ್ಲಿ ಗಮನಿಸಿದರೆ ಸಾಕು. ಹಿಸ್ಲಾಪರು 1863ರ ಸೆಪ್ಟೆಂಬರ್ 4ರಂದು, ಟಾಕಳಘಾಟದ ಬಳಿಯ ಪ್ರಾಚೀನ ಕಲ್ಲುವೃತ್ತಗಳನ್ನು ನೋಡಿ ಮರಳುವಾಗ, ಮಳೆಗಾಲದ ಹಳ್ಳ ದಾಟಲು ಹೋಗಿ ನೀರಿನಲ್ಲಿ ಮುಳುಗಿ ತೀರಿಕೊಂಡರು.

ಮಾವ ಬೈಬಲ್ಲಿನವರು, ಅಳಿಯ ಕಲ್ಲಿನವರು

ಅದೇ 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಗೆ ಒಂದು ಒಡೆದ ಕಲ್ಲು ಸಿಕ್ಕಿತು. ಅದು ತಾನಾಗಿ ಒಡೆದದ್ದಲ್ಲ, ಮನುಷ್ಯ ಕೈಯಾರೆ ಚೆಕ್ಕೆ ಎಬ್ಬಿಸಿ ಮಾಡಿದ ಕೊಡಲಿ. ಭಾರತದ ಶಿಲಾಯುಗದ ಅಧ್ಯಯನ ಆರಂಭವಾದದ್ದು ಆ ಕಲ್ಲಿನಿಂದ. ಫೂಟ್ ಆಮೇಲೆ ನಮ್ಮ ಬಳ್ಳಾರಿ, ಬಾಗಲಕೋಟೆ ಸೀಮೆಗಳಲ್ಲೆಲ್ಲ ಅಲೆದರು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು.

ಫೂಟ್ ಅವರ ಮಾವ ಪೀಟರ್ ಪರ್ಸಿವಲ್. ಜಾಫ್ನಾದಲ್ಲಿ ಮಿಶನರಿಯಾಗಿದ್ದು, ಶೈವ ವಿದ್ವಾಂಸರಾದ ಆರುಮುಗ ನಾವಲರ ನೆರವಿನಿಂದ ತಮಿಳು ಬೈಬಲ್ಲಿನ ಅನುವಾದ ನಡೆಸಿದವರು. ಮಾವ ಒಂದು ಪುರಾತನ ಗ್ರಂಥವನ್ನು ನಮ್ಮ ಕಡೆಯ ಭಾಷೆಗೆ ತಂದರು. ಅಳಿಯ ಆ ಗ್ರಂಥದ ಅಂಚಿನ ತಾರೀಖುಗಳಿಗೆ ಸಿಗದಷ್ಟು ಹಳೆಯ ಮನುಷ್ಯನನ್ನು ನಮ್ಮ ನೆಲದಿಂದ ಎತ್ತಿ ತೋರಿಸಿದರು. ಯೇರ್ಕಾಡಿನ ಚರ್ಚಿನ ಅಂಗಳದಲ್ಲಿ ಇಂದಿಗೂ ಫೂಟರ ಸ್ಮಾರಕವಿದೆ. ಎಷ್ಟು ಹಳೆಯ ಮನುಷ್ಯ ಎಂಬ ಲೆಕ್ಕ ಅವರ ಕಾಲಕ್ಕೆ ಇರಲಿಲ್ಲ. ಅವರು ಕಂಡುಹಿಡಿದ ಅತ್ತಿರಂಪಾಕ್ಕಂನ ಕೊಡಲಿಗಳಿಗೆ ಸುಮಾರು 15 ಲಕ್ಷ ವರ್ಷವೆಂದು 2011ರಲ್ಲಿ ಪ್ರಕಟವಾಯಿತು. ನಮ್ಮ ಸುರಪುರ ಸೀಮೆಯ ಹುಣಸಗಿ ಕಣಿವೆಯಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆಸಿದ ಇಸಾಂಪುರದ ಕಲ್ಲಿನ ಕಾರ್ಖಾನೆಗೆ ಸುಮಾರು 12 ಲಕ್ಷ ವರ್ಷ.

ಫೂಟ್ ಇನ್ನೊಂದು ಕೆಲಸ ಮಾಡಿದರು. ಬಳ್ಳಾರಿ, ರಾಯಚೂರು ಕಡೆ ಅಲ್ಲಲ್ಲಿ ದೊಡ್ಡ ಬೂದಿದಿಬ್ಬಗಳಿವೆ. ಹಂಪಿಯ ಬಳಿ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎಂದು ನಂಬಿದ್ದಾರೆ. ಇವೆಲ್ಲ ಪ್ರಾಚೀನ ದನಗಾಹಿಗಳ ದೊಡ್ಡಿಯಲ್ಲಿ ಸುಟ್ಟ ಸೆಗಣಿಯ ಬೂದಿ ಎಂದು ಫೂಟ್ ಗುರುತಿಸಿದರು. 1957ರಲ್ಲಿ ಆಲ್ಚಿನ್ ಅವರು ಉಟ್ನೂರಿನ ದಿಬ್ಬವನ್ನು ಅಗೆದಾಗ ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಇಂಥ ದಿಬ್ಬಗಳ ಕಾಲ ಕ್ರಿಸ್ತಪೂರ್ವ 3000ದ ಆಸುಪಾಸಿನಿಂದ ಸುಮಾರು 1200ರವರೆಗೆ. ಅಷರ್ ಅವರ ಲೆಕ್ಕದಲ್ಲಿ ನೋಹನ ಜಲಪ್ರಳಯ ಕ್ರಿಸ್ತಪೂರ್ವ 2349ರ ಆಸುಪಾಸಿನದು. ಲೋಕವೆಲ್ಲ ನೀರಿನಲ್ಲಿ ಮುಳುಗಬೇಕಾಗಿದ್ದ ಆ ಶತಮಾನಗಳಲ್ಲಿ ನಮ್ಮ ದಖ್ಖನದ ದನಗಾಹಿ ಸಂಜೆಗೆ ದನ ಕೂಡುತ್ತಿದ್ದ, ಸೆಗಣಿ ಸುಡುತ್ತಿದ್ದ.

ಬಾಣ ತಿರುಗಿ ಬಂದಾಗ

ಇಷ್ಟೆಲ್ಲ ಕೇಳಿದ ಮೇಲೆ, ಇದು ಕ್ರೈಸ್ತರ ಪಾಡು, ನಮಗೇನು ಎಂದು ಸಭೆಯಲ್ಲಿ ಕೆಲವರಿಗೆ ಅನ್ನಿಸಿರಬಹುದು. ಹಾಗಲ್ಲ. 1830ರಲ್ಲಿ ಕಲ್ಕತ್ತೆಗೆ ಬಂದ ಸ್ಕಾಟಿಷ್ ಮಿಶನರಿ ಅಲೆಕ್ಸಾಂಡರ್ ಡಫ್ ಒಂದು ಯುಕ್ತಿ ಹೂಡಿದರು. ಹಿಂದೂ ಹುಡುಗರಿಗೆ ಭೂಗೋಳ, ಖಗೋಳ ಕಲಿಸಿದರೆ ಸಾಕು. ಗ್ರಹಣಕ್ಕೆ ಕಾರಣ ನೆರಳು ಎಂದು ತಿಳಿದವನು ರಾಹುಕೇತುಗಳನ್ನು ಬಿಡುತ್ತಾನೆ, ಭೂಮಿ ಗುಂಡಗಿದೆ ಎಂದವನು ಮೇರುಪರ್ವತವನ್ನೂ ಹಾಲಿನ ಕಡಲನ್ನೂ ಬಿಡುತ್ತಾನೆ, ಆಮೇಲೆ ಬೈಬಲ್ಲಿಗೆ ಬರುತ್ತಾನೆ ಎಂಬುದು ಅವರ ಲೆಕ್ಕ. ಮಿಶನ್ ಶಾಲೆಗಳು ದೇಶದ ಉದ್ದಗಲಕ್ಕೆ ಇದೇ ದಾರಿ ಹಿಡಿದವು.

ಆದರೆ ಅಳತೆಗೋಲು ಒಮ್ಮೆ ಕೈಗೆ ಬಂದ ಮೇಲೆ ಯಾರ ಬಟ್ಟೆಯನ್ನಾದರೂ ಅಳೆಯುತ್ತದೆ. ಕಲ್ಕತ್ತೆಯ ಹುಡುಗರು ಥಾಮಸ್ ಪೇನ್ ಬರೆದ ಬೈಬಲ್ ವಿಮರ್ಶೆಯನ್ನು ತಂದು ಪಾದ್ರಿಗಳ ಮುಂದೆಯೇ ಓದಿದರು. ಆಫ್ರಿಕದ ನಟಾಲಿನಲ್ಲಿ ಇನ್ನೂ ಸೋಜಿಗದ ಸಂಗತಿ ನಡೆಯಿತು. ಬಿಷಪ್ ಜಾನ್ ಕೊಲೆನ್ಸೊ ಝುಲು ಭಾಷೆಗೆ ಜಲಪ್ರಳಯದ ಕಥೆಯನ್ನು ಅನುವಾದಿಸುತ್ತಿದ್ದಾಗ, ನೆರವಿಗಿದ್ದ ಝುಲು ಮನುಷ್ಯ ಕೇಳಿದ: ಇದೆಲ್ಲ ನಿಜವಾಗಿ ನಡೆದದ್ದೇ? ಬಿಸಿ ನಾಡಿನ, ಚಳಿ ನಾಡಿನ ಪ್ರಾಣಿಗಳೆಲ್ಲ ಒಂದೇ ಹಡಗಿಗೆ ಬಂದವೇ? ಅವಕ್ಕೆಲ್ಲ ಮೇವು ಕೂಡಿಸಿದವರು ಯಾರು? ಕೊಲೆನ್ಸೊಗೆ ಹೌದು ಎನ್ನಲು ಮನಸ್ಸಾಕ್ಷಿ ಒಪ್ಪಲಿಲ್ಲ. 1862ರಿಂದ ಅವರು ಬೈಬಲ್ಲಿನ ಮೊದಲ ಪುಸ್ತಕಗಳ ಲೆಕ್ಕಾಚಾರಗಳನ್ನು ಪ್ರಶ್ನಿಸಿ ಬರೆಯತೊಡಗಿದರು. ಚರ್ಚು ಅವರನ್ನು ವಿಚಾರಣೆಗೆ ಎಳೆಯಿತು. ಆ ಝುಲು ಸಹಾಯಕನ ಪ್ರಶ್ನೆಗೂ ಈ ಊರ ಹುಡುಗಿಯ ಪ್ರಶ್ನೆಗೂ ಏನು ಅಂತರ? ಪ್ರಾಮಾಣಿಕವಾದ ಪ್ರಶ್ನೆ ಎಲ್ಲ ಭಾಷೆಯಲ್ಲೂ ಒಂದೇ.

ಸುಳ್ಳು ರಾಜಿ

ಹೊಂದಾಣಿಕೆಗೆ ಸುಲಭವಾದ ದಾರಿ ಮಿಲ್ಲರ್ ತೋರಿಸಿದ್ದು: ದಿನ ಎಂದರೆ ಯುಗ. ಇದನ್ನು ಇಂದಿಗೂ ಪ್ರಸಂಗಗಳಲ್ಲಿ ಕೇಳುತ್ತೇವೆ. ಆದರೆ ತಾಳೆ ಹಾಕಿ ನೋಡಿದರೆ ಅದು ನಿಲ್ಲುವುದಿಲ್ಲ. ಆದಿಕಾಂಡದಲ್ಲಿ ಹಣ್ಣಿನ ಮರಗಳು ಮೂರನೆಯ ದಿನ, ಸೂರ್ಯ ನಾಲ್ಕನೆಯ ದಿನ. ಯುಗವೊಂದರ ಕಾಲ ಸೂರ್ಯನಿಲ್ಲದೆ ಮರ ಬದುಕುವುದು ಹೇಗೆ? ಮೀನು ಮತ್ತು ಹಕ್ಕಿಗಳು ಐದನೆಯ ದಿನ, ನೆಲದ ಪ್ರಾಣಿಗಳು ಆರನೆಯ ದಿನ. ಕಲ್ಲಿನ ಸಾಕ್ಷಿಯಲ್ಲಿ ಮೀನುಗಳು ಹಣ್ಣಿನ ಮರಗಳಿಗಿಂತ ಎಷ್ಟೋ ಮುಂಚಿನವು; ನೆಲದ ಮೇಲೆ ಹರಿದಾಡುವ ಜೀವಿಗಳು ಹಕ್ಕಿಗಳಿಗಿಂತ ಮುಂಚಿನವು. ದಿನವನ್ನು ಎಷ್ಟು ಹಿಗ್ಗಿಸಿದರೂ ಸಾಲು ಸರಿಹೋಗುವುದಿಲ್ಲ. ಹಿಗ್ಗಿಸಿದವನು ಕೊನೆಗೆ ಗ್ರಂಥಕ್ಕೂ ನ್ಯಾಯ ಮಾಡುವುದಿಲ್ಲ, ಕಲ್ಲಿಗೂ ನ್ಯಾಯ ಮಾಡುವುದಿಲ್ಲ.

ಇದನ್ನು ಚೆನ್ನಾಗಿ ಅರಿತಿದ್ದವರು ಬೆಲ್ಜಿಯಮ್ಮಿನ ಜಾರ್ಜ್ ಲೆಮೈತ್ರ್. ಅವರು ಕೆಥೊಲಿಕ್ ಪಾದ್ರಿ, ಭೌತವಿಜ್ಞಾನಿಯೂ ಹೌದು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದು, ಮುಂದೆ ಮಹಾಸ್ಫೋಟ ಎಂದು ಹೆಸರಾದ ಸಿದ್ಧಾಂತಕ್ಕೆ ತಳಹದಿ ಹಾಕಿದವರು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ಸಿದ್ಧಾಂತ ಬೈಬಲ್ಲಿನ ಸೃಷ್ಟಿಗೆ ಪುಷ್ಟಿ ಕೊಡುತ್ತದೆಂಬ ಅರ್ಥದ ಭಾಷಣ ಮಾಡಿದಾಗ ಎಲ್ಲರಿಗಿಂತ ಕಸಿವಿಸಿಗೊಂಡವರು ಲೆಮೈತ್ರ್ ಅವರೇ. ತನ್ನ ಸಿದ್ಧಾಂತ ದೇವರ ಪರವೂ ಅಲ್ಲ, ವಿರುದ್ಧವೂ ಅಲ್ಲ ಎಂಬುದು ಅವರ ನಿಲುವು. ನಾಳೆ ಸಿದ್ಧಾಂತ ಬದಲಾದರೆ ಅದಕ್ಕೆ ಕಟ್ಟಿದ ದೇವರನ್ನೂ ಬದಲಾಯಿಸಬೇಕಾಗುತ್ತದಲ್ಲ!

ಈ ಚಪಲ ಒಂದೇ ಧರ್ಮದ್ದಲ್ಲ. 2015ರಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ಭಾರತದಲ್ಲಿ ವಿಮಾನಗಳಿದ್ದುವೆಂದು ಪ್ರಬಂಧ ಓದಿದ್ದು ನೆನಪಿರಬಹುದು. ವಿಜ್ಞಾನಿ ಒಂದು ಸಂಗತಿಯನ್ನು ಕಂಡುಹಿಡಿದ ಮೇಲೆ, ಅದು ನಮ್ಮ ಗ್ರಂಥದಲ್ಲಿ ಮೊದಲೇ ಇತ್ತು ಎನ್ನುವವರು ಎಲ್ಲ ಗುಡಿ, ಮಸೀದಿ, ಚರ್ಚುಗಳ ಆಸುಪಾಸಿನಲ್ಲೂ ಇದ್ದಾರೆ. ಕಂಡುಹಿಡಿಯುವ ಮೊದಲು ಗ್ರಂಥ ನೋಡಿ ಹೇಳಿದವರು ಮಾತ್ರ ಸಿಗುವುದಿಲ್ಲ.

ಕಲ್ಯಾಣದ ಪಾಠ

ಹಾಗಾದರೆ ಹೇಗೆ ಓದಬೇಕು? ಇದಕ್ಕೆ ಉತ್ತರ ನಮ್ಮ ಮನೆಯ ಬಾಗಿಲಲ್ಲೇ ಇದೆ. ಬಸವಕಲ್ಯಾಣ ಇಲ್ಲಿಂದ ದೂರವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಅಲ್ಲಮಪ್ರಭು ಬೆಡಗಿನ ವಚನಗಳನ್ನು ಹೇಳಿದ. ಅವುಗಳಲ್ಲಿ ಲೋಕದಲ್ಲಿ ಎಂದೂ ನಡೆಯದ ಸಂಗತಿಗಳು ನಡೆಯುತ್ತವೆ. ಅದನ್ನು ಕೇಳಿ ಯಾರೂ ಪ್ರಾಣಿಶಾಸ್ತ್ರಜ್ಞರನ್ನು ಕರೆಸುವುದಿಲ್ಲ. ಅಲ್ಲಮ ಸುಳ್ಳು ಹೇಳಿದ ಎಂದೂ ಅನ್ನುವುದಿಲ್ಲ. ಇದು ಬೆಡಗು, ಇದಕ್ಕೆ ಟೀಕೆ ಬೇಕು, ಹೇಳುತ್ತಿರುವುದು ಬೇರೇನೋ ಎಂದು ಅಕ್ಷರ ಬಾರದವರೂ ತಿಳಿಯುತ್ತಾರೆ. ವಾಕ್ಯ ಯಾವ ಜಾತಿಯದೆಂದು ಗುರುತಿಸುವುದು ಓದಿನ ಮೊದಲ ಮೆಟ್ಟಿಲು.

ಕ್ರೈಸ್ತ ಪರಂಪರೆಗೂ ಇದು ಹೊಸದಲ್ಲ. ಡಾರ್ವಿನ್ನನಿಗೆ ಹೆದರಿ ಮಾಡಿಕೊಂಡ ಏರ್ಪಾಡೂ ಅಲ್ಲ. ಐದನೆಯ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನರು ಆದಿಕಾಂಡಕ್ಕೆ ಬರೆದ ವ್ಯಾಖ್ಯಾನದಲ್ಲಿ, ಸೂರ್ಯನಿಲ್ಲದ ಮೊದಲ ಮೂರು ದಿನಗಳು ಎಂಥ ದಿನಗಳು ಎಂದು ತಲೆ ಕೆಡಿಸಿಕೊಂಡಿದ್ದಾರೆ. ಆಕಾಶ, ಭೂಮಿ, ಪ್ರಾಣಿಗಳ ವಿಷಯದಲ್ಲಿ ತಿಳಿದವರ ಮುಂದೆ ಕ್ರೈಸ್ತನೊಬ್ಬ ಗ್ರಂಥದ ಹೆಸರು ಹೇಳಿ ಅಸಂಬದ್ಧ ಮಾತನಾಡಿದರೆ ಗ್ರಂಥಕ್ಕೇ ಅವಮಾನ ಎಂದು ಎಚ್ಚರಿಸಿದ್ದಾರೆ. ಈ ಎಚ್ಚರಿಕೆಯನ್ನು 1633ರಲ್ಲಿ ಗೆಲಿಲಿಯೊನನ್ನು ಶಿಕ್ಷಿಸಿದವರು ಮರೆತರು. ಅವನ ವಿಷಯದಲ್ಲಿ ತಪ್ಪಾಯಿತೆಂದು ಪೋಪ್ ಎರಡನೆಯ ಜಾನ್ ಪಾಲ್ ಒಪ್ಪಿಕೊಳ್ಳುವ ಹೊತ್ತಿಗೆ 1992 ಆಗಿತ್ತು.

ಆದಿಕಾಂಡದ ಮೊದಲ ಅಧ್ಯಾಯ ಕಲ್ಲಿನ ವಯಸ್ಸು ಹೇಳಲು ಬರೆದದ್ದಲ್ಲವಾದರೆ ಮತ್ತೇನು ಹೇಳಲು ಬರೆದದ್ದು? ಅದರ ನೆರೆಯಲ್ಲಿದ್ದ ಬಾಬಿಲೋನಿನ ಸೃಷ್ಟಿಕಥೆಯನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಸೂರ್ಯ ದೇವರು, ಚಂದ್ರ ದೇವರು. ಇಲ್ಲಿ ಅವುಗಳ ಹೆಸರನ್ನೂ ಹೇಳದೆ ದೊಡ್ಡ ಬೆಳಕು, ಚಿಕ್ಕ ಬೆಳಕು ಎಂದು ಬಿಡಲಾಗಿದೆ. ಅವು ಪೂಜಿಸುವ ವಸ್ತುಗಳಲ್ಲ, ಉರಿಯುವ ದೀಪಗಳು. ಅಲ್ಲಿ ದೇವತೆಗಳ ಯುದ್ಧದಲ್ಲಿ ಸೋತವನ ರಕ್ತದಿಂದ ಮನುಷ್ಯ ಹುಟ್ಟಿದ್ದು ದೇವತೆಗಳ ಬಿಟ್ಟಿ ಚಾಕರಿಗೆ. ಆ ನಾಡುಗಳಲ್ಲಿ ದೇವರ ಪ್ರತಿರೂಪ ಎನಿಸಿಕೊಂಡವನು ಅರಸ. ಇಲ್ಲಿ ಗಂಡಿರಲಿ ಹೆಣ್ಣಿರಲಿ, ಮನುಷ್ಯನೆಂಬ ಮನುಷ್ಯನೆಲ್ಲ ದೇವರ ಪ್ರತಿರೂಪ.

ಈ ಮಾತಿನ ತೂಕ ನಮ್ಮ ಸೀಮೆಯವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು. ನಿಜಾಮರ ಆಳಿಕೆಯಲ್ಲಿ ಬೀದರದ ಹಳ್ಳಿಗಳಿಗೆ ಮೆಥೋಡಿಸ್ಟ್ ಮಿಶನ್ ಬಂದಾಗ ಅದಕ್ಕೆ ಓಗೊಟ್ಟವರಲ್ಲಿ ಬಹಳ ಮಂದಿ ಊರ ಹೊರಗಿನ ಕೇರಿಗಳವರು. ಅವರು ಚರ್ಚಿಗೆ ಹೋದದ್ದು ಭೂಮಿಯ ವಯಸ್ಸು ಕೇಳಲಿಕ್ಕಲ್ಲ. ಬಾವಿಯ ನೀರು ಮುಟ್ಟಬಾರದೆಂದು ಹೇಳಿಸಿಕೊಂಡವರಿಗೆ, ನೀನೂ ದೇವರ ಪ್ರತಿರೂಪ ಎಂಬ ಮಾತು ಆರು ದಿನದ ಲೆಕ್ಕಕ್ಕಿಂತ ದೊಡ್ಡದಾಗಿತ್ತು. ಆ ಮಾತನ್ನು ಯಾವ ಪ್ರಯೋಗಾಲಯವೂ ಸಾಧಿಸಿ ತೋರಿಸಲಾರದು, ಸುಳ್ಳೆಂದೂ ತೋರಿಸಲಾರದು. ಬದುಕಿ ತೋರಿಸಬೇಕಾದ ಮಾತು ಅದು. ಅಂಥ ಮಾತನ್ನು 4004 ಎಂಬ ಅಂಕಿಗೆ ಗಂಟು ಹಾಕಿದರೆ, ಅಂಕಿ ಮುಳುಗಿದ ದಿನ ಮಾತೂ ಮುಳುಗುತ್ತದೆ. ನನ್ನ ಭಯ ಇರುವುದು ಇಲ್ಲಿಯೇ.

ರಾಜಿಯಾಗದೆ ಉಳಿಯುವುದು

ಎಲ್ಲವೂ ಇಷ್ಟು ಸಲೀಸಾಗಿ ಬಗೆಹರಿಯಿತೆಂದು ಹೇಳಿ ನಾನು ಕೂತುಕೊಂಡರೆ ಅದು ನಿಮಗೆ ಮೋಸ. ಬಗೆಹರಿಯದೆ ಉಳಿಯುವ ಗಂಟುಗಳಿವೆ. ಮನುಷ್ಯರೆಲ್ಲ ಒಂದೇ ಜೋಡಿಯಿಂದ ಹುಟ್ಟಿದರು ಎಂಬುದನ್ನು ಇಂದಿನ ವಂಶವಾಹಿ ವಿಜ್ಞಾನ ಒಪ್ಪುವುದಿಲ್ಲ. ನಮ್ಮೊಳಗಿನ ವೈವಿಧ್ಯಕ್ಕೆ ಸಾವಿರಗಟ್ಟಲೆ ಪೂರ್ವಜರ ಗುಂಪು ಬೇಕು. ಸಂತ ಪೌಲನಾದರೋ ತನ್ನ ಪತ್ರಗಳಲ್ಲಿ ಆದಾಮನೊಬ್ಬನ ಮೇಲೆ ದೊಡ್ಡ ವಾದ ಕಟ್ಟಿದ್ದಾನೆ. ಆದಾಮ ಎಂದರೆ ಒಬ್ಬ ವ್ಯಕ್ತಿಯೋ, ಮನುಷ್ಯಕುಲವೋ ಎಂದು ದೈವಶಾಸ್ತ್ರಜ್ಞರು ಇಂದಿಗೂ ತರ್ಕಿಸುತ್ತಿದ್ದಾರೆ. ಅವರು ತರ್ಕಿಸಲಿ. ವಂಶವಾಹಿಯ ಲೆಕ್ಕವನ್ನು ಅದಕ್ಕಾಗಿ ತಿದ್ದುವಂತಿಲ್ಲ.

ಇನ್ನು ಪವಾಡಗಳು. ಸತ್ತವನು ಮೂರನೆಯ ದಿನ ಎದ್ದನೆಂಬುದು ಕ್ರೈಸ್ತ ಶ್ರದ್ಧೆಯ ನಡುಗಂಬ. ಅದನ್ನು ಬೆಡಗು ಎಂದು ಹೇಳಿ ಜಾರಿಕೊಳ್ಳಲು ಪೌಲನೇ ಬಿಡುವುದಿಲ್ಲ. ಸತ್ತವರು ಏಳುವುದಿಲ್ಲವೆಂಬುದು ಎರಡು ಸಾವಿರ ವರ್ಷದ ಹಿಂದಿನ ಬೆಸ್ತರಿಗೂ ಗೊತ್ತಿತ್ತು; ಆದ್ದರಿಂದಲೇ ಅದನ್ನು ಸುದ್ದಿ ಎಂದು ಸಾರಿದರು. ಇಲ್ಲಿ ನಂಬುವವನು ತಾನು ನಿಯಮಕ್ಕೆ ಹೊರತಾದುದನ್ನು ನಂಬುತ್ತಿದ್ದೇನೆಂದು ಬಲ್ಲ. ನಂಬದವನಿಗೆ ನಂಬದಿರುವ ಹಕ್ಕಿದೆ. ವಿಜ್ಞಾನ ಇದನ್ನು ರುಜುವಾತು ಮಾಡಿದೆ ಎಂದು ಯಾರಾದರೂ ಕರಪತ್ರ ಹಂಚಿದರೆ ಮಾತ್ರ ಒಪ್ಪಬೇಡಿ.

ಆದರೆ ಒಂದು ಕಡೆ ಮಾತ್ರ ಗಡಿ ದಾಟಲು ಬಿಡಬಾರದು. ಕ್ಷಯ ರೋಗಕ್ಕೆ ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಗುಳಿಗೆ ನುಂಗಬೇಕು. ನಡುವೆ ಬಿಟ್ಟರೆ ರೋಗಾಣು ಮದ್ದಿಗೆ ಬಗ್ಗದಂತಾಗುತ್ತದೆ. ಅದು ಮನೆಮಂದಿಗೂ ಹಬ್ಬುತ್ತದೆ. ಪ್ರಾರ್ಥನೆಯಿಂದ ವಾಸಿಯಾಯಿತು, ಗುಳಿಗೆ ಬೇಡ ಎಂದು ಯಾವ ವೇದಿಕೆಯಿಂದ ಹೇಳಿದರೂ, ಯಾವ ಧರ್ಮದವರು ಹೇಳಿದರೂ ಅದು ಕೊಲೆಗೆ ಸಮ. ಬೀದರದಲ್ಲಿ ಪ್ರಾರ್ಥನಾ ಮಂದಿರ ಕಟ್ಟಿದ ಮಿಶನ್ನೇ ಆಸ್ಪತ್ರೆಯನ್ನೂ ಕಟ್ಟಿತು. ಪ್ರಾರ್ಥನೆಯೊಂದೇ ಸಾಕೆಂದು ಅವರು ತಿಳಿದಿದ್ದರೆ ಆ ಎರಡನೆಯ ಕಟ್ಟಡದ ಖರ್ಚು ಉಳಿಯುತ್ತಿತ್ತು.

ಕೊನೆಗೆ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ತಾಯಿ, ಸಾಲಿ ಪರೀಕ್ಷೆಯಲ್ಲಿ ನಾನೂರೈವತ್ತು ಕೋಟಿ ವರ್ಷ ಎಂದೇ ಬರೆ. ಹೇಗೆ ಅಳೆದರೆಂಬುದನ್ನೂ ಬರೆ. ಸಂಡೇ ಸ್ಕೂಲಿನ ಪರೀಕ್ಷೆಯಲ್ಲಿ ಆದಿಕಾಂಡದಲ್ಲಿ ಏನು ಹೇಳಿದೆ ಎಂದು ಕೇಳಿದರೆ, ಆರು ದಿನ ಎಂದು ಹೇಳಿದೆ ಎಂದು ಬರೆ, ಅದೂ ಖರೆಯೇ. ಭೂಮಿಯ ವಯಸ್ಸು ಎಷ್ಟು ಎಂದು ಅಲ್ಲಿಯೂ ಕೇಳಿದರೆ ಸಾಲಿಯಲ್ಲಿ ಬರೆದ ಉತ್ತರವನ್ನೇ ಬರೆ. ಒಂದು ಮಾರ್ಕು ಹೋದರೆ ಹೋಗಲಿ. ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡುವುದನ್ನು ಮಾತ್ರ ಕಲಿಯಬೇಡ. ಸತ್ಯದ ದೇವರನ್ನು ನಂಬುತ್ತೇನೆ ಎನ್ನುವವರಿಗೆ ಸತ್ಯವಾದ ಉತ್ತರದಿಂದ ಕೋಪ ಬರಬಾರದು.

ಈ ಭಾಷಣ ಮುಗಿಸಿ ಹೊರಗೆ ಹೋದಾಗ ಒಂದು ಕರಿಕಲ್ಲನ್ನು ಕೈಗೆ ಎತ್ತಿಕೊಳ್ಳಿ. ಅದರ ವಯಸ್ಸನ್ನು ವಿಜ್ಞಾನಿಯನ್ನು ಕೇಳಿ. ಅದನ್ನು ಎತ್ತಿದ ಕೈಯ ಬೆಲೆ ಎಷ್ಟು ಎಂಬ ಪ್ರಶ್ನೆ ಬಂದರೆ, ಅದಕ್ಕೆ ಉತ್ತರ ಹುಡುಕಿದ ಪುಸ್ತಕಗಳನ್ನು ತೆರೆಯಿರಿ.